ಪ್ರಹ್ಲಾದನ ಕಣ್ಣೀರು

"ನನ್ನ ಗಂಡ ಮಾವನವರ ಜೊತೆ ಜಗಳ ಆಡಿದ್ದು ನಿಜ ಅಮ್ಮ. ಆದ್ರೆ ಕೊಲ್ಲೋ ಕೈ ಅಲ್ಲ ಅದು," ಎಂದು ಆ ಹೆಣ್ಣುಮಗಳು ಅಳತೊಡಗಿದಳು. ನನ್ನ ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಂಡಳು. ಪತ್ತೇದಾರಿಕೆಯ ಹೆಸರು ಅವಳಿಗೆ, ಕಾರು ಓಡಿಸುವ ಕರ್ಮ ನನಗೆ.

ಅವಳನ್ನೂ ಕೂರಿಸಿಕೊಂಡು ನಾವು ಹೋದದ್ದು ಪ್ರಹ್ಲಾದನ ಕತೆಯನ್ನು ಕಾರ್ಟೂನ್ ಸಿನಿಮಾ ಮಾಡುತ್ತಿದ್ದ ಸ್ಟುಡಿಯೋಗೆ. ಅವಳ ಮಾವ, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಅಲ್ಲಿನ ಮುಖ್ಯ ಚಿತ್ರಕಾರರು, ಅಂದು ಬೆಳಗ್ಗೆ ತಮ್ಮ ಮೇಜಿನ ಮೇಲೆ ತಲೆಯೊಡೆದು ಸತ್ತುಬಿದ್ದಿದ್ದರು. ಹೊಡೆದದ್ದು ಕಾಗದಕ್ಕೆ ತೂತು ಹಾಕುವ ಕಬ್ಬಿಣದ ಯಂತ್ರದಿಂದ. ಹಿಂದಿನ ಸಂಜೆ ಅವರಂತೆಯೇ ಚಿತ್ರಕಾರನಾದ ಮಗ ಬಂದು ಕೂಗಾಡಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತ್ತು. ಪೊಲೀಸರಿಗೆ ಅಷ್ಟೇ ಸಾಕಾಯಿತು, ಅವನನ್ನು ಹಿಡಿದೊಯ್ದರು.

ನಿರ್ದೇಶಕರು ಕೆಲಸದ ರೀತಿ ವಿವರಿಸಿದರು. ದೃಶ್ಯದ ಮೊದಲ ಚಿತ್ರ, ಕೊನೆಯ ಚಿತ್ರ ಮೇಷ್ಟ್ರದು. ನಡುವಿನವನ್ನೆಲ್ಲ ಬರೆಯುವವನು ಶಿಷ್ಯ. ಹಿರಣ್ಯಕಶಿಪು ಸತ್ತಾಗ ಮಗು ಪ್ರಹ್ಲಾದ ನಗುವ ಕೊನೆಯ ಚಿತ್ರಕ್ಕೆ ಒಪ್ಪಿಗೆ ಕೊಟ್ಟು ತಾವು ಏಳುವಾಗಲೇ ಮಗ ಒಳಗೆ ಬಂದನಂತೆ. ಶಿಷ್ಯನೋ, ಅದಕ್ಕೂ ಮೊದಲೇ ತನ್ನ ಹಾಳೆಗಳನ್ನು ಟ್ರೇಯಲ್ಲಿಟ್ಟು ಮನೆಗೆ ಹೋದೆ, ಮತ್ತೆ ಇತ್ತ ಬರಲಿಲ್ಲ ಎಂದ.

ಹೆಣ ಸಾಗಿಸಿದ್ದರು, ಸತ್ತವರ ತೋಳಿನಡಿ ಸಿಕ್ಕ ಚಿತ್ರ ಮೇಜಿನ ಮೇಲೇ ಇತ್ತು. ಅದರಲ್ಲಿ ಮಗು ಅಳುತ್ತಿತ್ತು. ಚಿಕ್ಕಮ್ಮ ಟ್ರೇಯಲ್ಲಿದ್ದ ಶಿಷ್ಯನ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ಹಾರಿಸಿದಳು. ಮಗುವಿನ ಕಣ್ಣು ಮೆಲ್ಲಗೆ ತುಂಬಿ ಹನಿ ಕೆನ್ನೆಗಿಳಿಯಿತು. ಎಂಥಾ ಕೈಯಪ್ಪಾ ನಿನ್ನದು ಅಂತ ಶಿಷ್ಯನಿಗೆ ನಾನು ಬಾಯ್ತುಂಬ ಹೇಳಿಯೂಬಿಟ್ಟೆ, ನನ್ನ ಬುದ್ಧಿಗಿಷ್ಟು. ಅವನು ತಲೆ ತಗ್ಗಿಸಿದ.

ಚಿಕ್ಕಮ್ಮ ಇನ್ಸ್‌ಪೆಕ್ಟರಿಗೆ ಹೇಳಿ ಮಗನನ್ನು ಬೇಡಿಯ ಸಮೇತ ಅದೇ ಕೋಣೆಗೆ ಕರೆಸಿದಳು. ಎಲ್ಲರೂ ಮೇಜಿನ ಸುತ್ತ ನಿಂತೆವು.

"ಜಗಳ ಯಾತಕ್ಕಪ್ಪ?" ಎಂದು ಮಗನನ್ನು ಕೇಳಿದಳು.

"ಆ ನಗುವಿಗೇ ಅಮ್ಮ," ಎಂದ ಮಗ. "ಅಪ್ಪ ಎಂಥ ರಾಕ್ಷಸನಾದ್ರೂ, ಸತ್ತರೆ ಮಗ ನಗ್ತಾನಾ ಅಂತ ಕೂಗಾಡಿದೆ. ಅವರು ತಲೆ ಎತ್ತಲೂ ಇಲ್ಲ. ನಾನು ಹೊರಟುಬಿಟ್ಟೆ."

ಚಿಕ್ಕಮ್ಮ ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ಇವನು ಬಂದಾಗ ಚಿತ್ರದಲ್ಲಿ ಮಗು ನಗ್ತಿತ್ತು. ನಿರ್ದೇಶಕರೇ ಸಾಕ್ಷಿ. ಅಳೋ ಚಿತ್ರ ಹುಟ್ಟಿದ್ದು ಆ ಮಾತಿನ ನಂತರ. ಅಂದ್ಮೇಲೆ ಮಗ ಹೋದ ಮೇಲೂ ಮೇಷ್ಟ್ರು ಬದುಕಿದ್ದು, ಕೂತು ಬರೆದಿದ್ದಾರೆ." ಆಮೇಲೆ ಶಿಷ್ಯನನ್ನು ನೋಡಿದಳು. "ಕೊನೇ ಚಿತ್ರ ನೋಡದೆ ನಡುವಿನದು ಬರೆಯೋಕಾಗಲ್ಲ. ಮಗ ಬರೋ ಮೊದಲೇ ಮನೆಗೆ ಹೋದವನ ಹಾಳೆಗೆ ಕಣ್ಣೀರು ಎಲ್ಲಿಂದ ಬಂತು?"

ಶಿಷ್ಯ ಒಪ್ಪಿಕೊಂಡ. ಮೇಷ್ಟ್ರು ಫೋನ್ ಮಾಡಿ ಕರೆಸಿದ್ದರಂತೆ. ಇಬ್ಬರೂ ಪಕ್ಕಪಕ್ಕ ಕೂತು ಬರೆದು ಮುಗಿಸಿದ ಮೇಲೆ, ತಮ್ಮ ಜಾಗಕ್ಕೆ ಇನ್ನು ಮಗನನ್ನು ಕರೀತೀನಿ ಅಂದರಂತೆ ಮೇಷ್ಟ್ರು. ಆ ಜಾಗ ತನ್ನದೆಂದು ವರ್ಷಗಟ್ಟಲೆ ಕಾದಿದ್ದ ಇವನ ಕೈಗೆ ಯಂತ್ರ ಸಿಕ್ಕಿತು.

"ನಿನ್ನ ಆ ಕಣ್ಣೀರಿನ ಹಾಳೆಗಳನ್ನ ಹರಿದು ಹಾಕಬಹುದಿತ್ತಲ್ಲ?" ಎಂದರು ಇನ್ಸ್‌ಪೆಕ್ಟರು.

"ಕೈ ಬರಲಿಲ್ಲ ಸಾರ್. ನಾನು ಬರೆದಿದ್ದರಲ್ಲಿ ಚೆನ್ನಾಗಿರೋದು ಅದೊಂದೇ."

ಬೇಡಿ ಬಿಚ್ಚಿದರೂ ಮಗ ಬಾಗಿಲ ಕಡೆ ನೋಡಲಿಲ್ಲ. ಹೆಂಡತಿ ತೋಳು ಹಿಡಿದರೂ ಕದಲಲಿಲ್ಲ. ಮೇಜಿನ ಮೇಲಿನ ಚಿತ್ರದ ಒಂದು ಮೂಲೆಗೆ ರಕ್ತ ಅಂಟಿತ್ತು. ಅವನು ಅದನ್ನೇ ನೋಡುತ್ತ ನಿಂತಿದ್ದ.

"ನಾನು ಹುಟ್ಟಿದಾಗಿಂದ ಅಪ್ಪ ನನ್ನ ಒಂದು ಮಾತೂ ಕೇಳಿದವರಲ್ಲ," ಎಂದ. "ಇದೊಂದು ಕೇಳಿದ್ರು."