ಯಾರ ಸಾಲಕ್ಕೆ ಯಾರ ಸಹಿ

“ಬರಿ! ಬರಿ ಅಂದ್ನಲ್ಲ... ಕೈಗೇನು ಲಕ್ವ ಹೊಡೆದಿದೆಯಾ?”

ಆಡಿದ ಮರುಕ್ಷಣವೇ ಅತ್ತೆ ತುಟಿ ಕಚ್ಚಿಕೊಂಡರು. ಲಕ್ವ ಹೊಡೆದೇ ಅಲ್ಲವೆ ಅವರ ಹಿರಿಯ ಮಗ ನಾಲ್ಕು ತಿಂಗಳು ಹಾಸಿಗೆ ಹಿಡಿದು, ಹೋದ ವರ್ಷ ಕಣ್ಮುಚ್ಚಿದ್ದು! ಆದರೆ ಮಾತು ಆಡಿದರೆ ಹೋಯಿತು... ಸೊಸೆ ಮಾತ್ರ ತಲೆ ಎತ್ತಲಿಲ್ಲ. ಹೊಲಿಗೆ ಯಂತ್ರದ ಹಲಗೆಯ ಮೇಲೆ, ಅರ್ಧ ಹೊಲಿದ ಅಂಗಿಯ ತೋಳಿನ ಪಕ್ಕದಲ್ಲೇ, ಬಿಳಿ ಹಾಳೆ ಕಾಯುತ್ತಿತ್ತು. ಆ ಮನೆಯಲ್ಲಿ ಅರ್ಜಿ, ಕಾಗದ ಏನೇ ಇದ್ದರೂ ಬರೆಯುವವಳು ಅವಳೇ. ಈಗಲೂ ಅವಳೇ ಬರೆಯಬೇಕಂತೆ!

“ನಾನು ಹೇಳ್ತೀನಿ, ನೀವು ಬರ್ಕೊಳ್ಳಿ ಅತ್ತಿಗೆ,” ಎಂದ ಮೈದುನ. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ನಾಲಿಗೆ ಬಲು ನಯ. “‘ದಯವಿಟ್ಟು ಕ್ಷಮಿಸಿ, ಇದು ನನ್ನ ಗಂಡನ ಸಾಲ ಎಂದು ಒಪ್ಪಿಕೊಳ್ಳುತ್ತೇನೆ. ಕಂತಿನಲ್ಲಿ ತೀರಿಸುತ್ತೇನೆ.’ ಅಷ್ಟು ಬರೆದ್ರೆ ಫೈನಾನ್ಸಿನವರು ಫೋನ್ ಮಾಡೋದು ನಿಲ್ಲಿಸ್ತಾರೆ.”

ಫೋನು! ವಾರಕ್ಕೆ ನಾಲ್ಕು ಸಲ, ಅದೂ ಅವಳು ಕೆಲಸ ಮಾಡುವ ಬಟ್ಟೆ ಅಂಗಡಿಗೆ. ಗಂಡ ಎರಡು ಲಕ್ಷ ನುಂಗಿ ಸತ್ತ, ಹೆಂಡತಿ ಬಾಯಿ ಹೊಲಿದುಕೊಂಡು ಕೂತಿದ್ದಾಳೆ ಎಂದು ಫೈನಾನ್ಸ್ ಕಂಪನಿಯವನು ಕೂಗುವುದು, ಮಾಲೀಕರ ಎದುರಿಗೆ ಅವಳು ನೆಲ ನೋಡುವುದು... ಅವಮಾನಕ್ಕೆ ಅವಳ ಕೈ ‘ದಯವಿಟ್ಟು’ ಎಂದು ಬರೆದೇಬಿಟ್ಟಿತು. ಮುಂದಕ್ಕೆ ಹೋಗಲಿಲ್ಲ.

“ಅವರು ಪಕ್ಕದ ಮನೆಯಿಂದ ಒಂದು ಬೆಂಕಿಪೊಟ್ಟಣ ಕಡ ತಂದ್ರೂ ನನಗೆ ಹೇಳ್ತಿದ್ರು. ಎರಡು ಲಕ್ಷ ಹೇಳ್ದೆ ತರ್ತಾರಾ? ಎತ್ತು ಈಯ್ತು ಅಂದ ತಕ್ಷಣ ಕರು ಕಟ್ಟೋಕೆ ಹಗ್ಗ ಹುಡ್ಕಲಾ ನಾನು?”

“ಬಾಯಿ ಜಾಸ್ತಿಯಾಯ್ತು!” ಎಂದರು ಅತ್ತೆ.

ಅವಳು ‘ದಯವಿಟ್ಟು’ ಎಂಬುದನ್ನು ಹೊಡೆದು ಹಾಕಿ ಹೊಸ ಹಾಳೆ ಎಳೆದುಕೊಂಡಳು. ಬೇಡಲಿಲ್ಲ, ಬಯ್ಯಲೂ ಇಲ್ಲ. “ನನಗೆ ಫೋನ್ ಮಾಡಬೇಡಿ, ಹೇಳುವುದನ್ನು ಬರೆದು ತಿಳಿಸಿ. ಈ ಸಾಲವನ್ನು ನಾನು ಒಪ್ಪಿಲ್ಲ. ಕರಾರುಪತ್ರದ ನಕಲು, ಸಹಿ ಬಿದ್ದ ದಿನ, ಹಣ ಯಾರ ಖಾತೆಗೆ ಹೋಯಿತೆಂಬ ವಿವರ ಕಳಿಸಿ.” ಅಷ್ಟೇ. ಒಂದು ನಕಲು ತನಗೆ ಇಟ್ಟುಕೊಂಡು, ರಿಜಿಸ್ಟರ್ ಮಾಡಿಸಿ ಬಂದಳು. ಮೈದುನ ಅಂದು ಊಟ ಮಾಡಲಿಲ್ಲ.

ಹನ್ನೆರಡನೆಯ ದಿನ ಲಕೋಟೆ ಬಂತು. ಬಾಗಿಲಲ್ಲೇ ನಿಂತು ಓದಿದವಳ ಕಿವಿ ಕೆಂಪಾಯಿತು. ಒಳಗೆ ಬಂದವಳು ನೇರವಾಗಿ ಅತ್ತೆಯ ಮುಂದೆ ನಿಂತಳು.

“ಅತ್ತೆ, ಕೊನೆಯ ತಿಂಗಳು ಅವರಿಗೆ ಯಾರು ತಿನ್ನಿಸ್ತಿದ್ರು?”

“ಇದೆಂಥ ಪ್ರಶ್ನೆ? ನಾನೇ! ಅವನ ಬಲಗೈ ಏಳ್ತಾನೇ ಇರ್ಲಿ...” ಮಾತು ಅಲ್ಲೇ ನಿಂತಿತು.

“ಅದೇ ತಿಂಗಳು ಆ ಏಳದ ಕೈ ಸಹಿ ಹಾಕಿದೆ ನೋಡಿ! ಎಷ್ಟು ನೆಟ್ಟಗಿದೆ, ಕೆಳಗೊಂದು ಗೆರೆ ಬೇರೆ! ಹಣ ಹೋಗಿರೋದು ನಿಮ್ಮ ಕಿರಿಮಗನ ಅಂಗಡಿ ಖಾತೆಗೆ!”

ಮೈದುನನ ಮುಖ ಸುಣ್ಣವಾಯಿತು. “ಅಂಗಡಿ ಮುಳುಗ್ತಿತ್ತು ಅತ್ತಿಗೆ... ಅಣ್ಣ ಹೇಗೂ ಹೋಗ್ತಿದ್ದ... ಸತ್ತವರ ಸಾಲ ಮನ್ನಾ ಮಾಡ್ತಾರೆ ಅಂದ್ಕೊಂಡೆ!”

“ಹೇಗೂ ಹೋಗ್ತಿದ್ರಾ? ಒಳಗೆ ನಾನು ಅವರ ಉಸಿರು ಎಣಿಸ್ತಾ ಕೂತಿದ್ರೆ, ಹೊರಗೆ ನೀನು ಅವರ ಸಾವು ಅಡ ಇಡ್ತಿದ್ಯಾ? ಥೂ!”

ಅತ್ತೆ ಸೊಸೆಯ ಎರಡೂ ಕೈ ಹಿಡಿದರು. “ಹೊಟ್ಟೆಗೆ ಹಾಕ್ಕೊಳ್ಳೇ... ಇರೋನು ಇವನೊಬ್ಬ. ಜೈಲಿಗೆ ಕಳಿಸ್ತೀಯಾ?”

“ಸತ್ತವರಿಗೆ ಬಾಯಿಲ್ಲ ಅಂತ ಅವರ ತಲೆಗೆ ಕಟ್ತೀರಾ ಅತ್ತೆ? ಅವರೂ ನಿಮ್ಮ ಹೊಟ್ಟೇಲೇ ಹುಟ್ಟಿದವರಲ್ವಾ?”

ಅತ್ತೆಯ ಹಿಡಿತ ಸಡಿಲವಾಯಿತು. ಅವರು ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಒಮ್ಮೆ ಉಜ್ಜಿದರು, ಅಳಿಸಿ ಹೋದೀತೇನೋ ಎಂಬಂತೆ. ಆಮೇಲೆ ಕಿರಿಮಗನ ಕಡೆ ತಿರುಗಿದಾಗ ಆ ಕಣ್ಣಲ್ಲಿ ನೀರಿರಲಿಲ್ಲ.

“ಕೂತ್ಕೊಳ್ಳೋ. ಇವಳು ಹೇಳಿದ ಹಾಗೆ ನಿನ್ನ ಕೈಯಲ್ಲೇ ಬರೆದುಕೊಡು. ಒಬ್ಬನ್ನ ಕಳ್ಕೊಂಡೆ. ಇನ್ನೊಬ್ಬನ್ನ ಕಳ್ಳ ಮಾಡಿ ಸಾಕೋಕೆ ನನ್ನಿಂದಾಗಲ್ಲ. ಸಾಕ್ಷಿಗೆ ನಾನೇ ಸಹಿ ಹಾಕ್ತೀನಿ.”

ಬರೆದ. ಹಣ ತೆಗೆದುಕೊಂಡವನು ನಾನು, ಅಣ್ಣನ ಸಹಿ ಹಾಕಿದವನೂ ನಾನು, ಅಂಗಡಿ ಮಾರಿ ತೀರಿಸುತ್ತೇನೆ ಎಂದು. ಈ ಸಲ ಸಹಿಯ ಕೆಳಗೆ ಗೆರೆ ಎಳೆಯಲಿಲ್ಲ. ಕೆಳಗೆ ತಾಯಿ ತಮ್ಮ ಹೆಸರನ್ನು ಕೂಡಿಸಿ ಕೂಡಿಸಿ ಬರೆದರು.

ಅಂಗಡಿ ಹೋಯಿತು. ಹಣ ಸಂದ ಮೇಲೆ ಕಂಪನಿ ಪೊಲೀಸರವರೆಗೆ ಹೋಗಲಿಲ್ಲ. ಸತ್ತವನ ಹೆಸರಿನಲ್ಲಿ ಯಾವ ಬಾಕಿಯೂ ಇಲ್ಲವೆಂದು ಬರೆದು ಕಳಿಸಿತು. ಮೈದುನ ಇನ್ನೊಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ನಿಂತ. ತಲೆ ತಗ್ಗಿಸಿ ಬರುತ್ತಿದ್ದ, ತಲೆ ತಗ್ಗಿಸಿ ಹೋಗುತ್ತಿದ್ದ. ತಿಂಗಳಾದ ಮೇಲೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅತ್ತಿಗೆ... ನನ್ನ ಕ್ಷಮಿಸ್ತೀರಾ?”

ಅವಳು ತಟ್ಟೆ ಇಟ್ಟ ಸದ್ದಿಗೆ ಹಜಾರದಲ್ಲಿದ್ದ ಅತ್ತೆ ಬೆಚ್ಚಿಬಿದ್ದರು.

“ಇಲ್ಲ. ನನ್ನ ಕೋಪ ಇನ್ನೂ ಆರಿಲ್ಲ,” ಎಂದಳು. “ಆದ್ರೆ ಅನ್ನ ಆರ್ತಿದೆ... ಕೂತು ಉಣ್ಣು.”