ಗುತ್ಯಪ್ಪ ಮೇಷ್ಟ್ರ ಕರಿಹಲಗೆ

1958ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ ಶಿಕಾರಿಪುರ ಠಾಣೆಗೆ ಬಂದ ದೂರು ಕೇಳಿ ಸಬ್ ಇನ್ಸ್‌ಪೆಕ್ಟರ್ ಉಚ್ಚಂಗಪ್ಪನವರಿಗೆ ನಗು ತಡೆಯಲಾಗಲಿಲ್ಲ. ಎತ್ತು ಕಳುವಾಗುವುದುಂಟು, ಭತ್ತದ ಮೂಟೆ ಕಳುವಾಗುವುದುಂಟು. ಶಾಲೆಯ ಕರಿಹಲಗೆಯನ್ನು ಯಾವ ಪುಣ್ಯಾತ್ಮ ಹೊತ್ತೊಯ್ದ?

“ಹಲಗೆ ಮೇಲೆ ಏನಿತ್ತು?”

“ಇಂಗ್ಲಿಷ್ ಪಾಠ ರೀ. ದೊಡ್ಡಕ್ಷರ ಎಲ್ಲೆಲ್ಲಿ ಬರೀಬೇಕು ಅನ್ನೋದು,” ಎಂದರು ಹೆಡ್‌ಮಾಸ್ಟರ್ ಚಂದ್ರಶೇಖರಪ್ಪ. “ನಮ್ಮ ಗುತ್ಯಪ್ಪ ಮೇಷ್ಟ್ರು ಸಾಯೋ ಹಿಂದಿನ ದಿನ ಬರ್ದಿದ್ರು. ಒರೆಸಾಕೆ ನಮಗೂ ಕೈ ಬರ್ಲಿಲ್ಲ. ಇವತ್ತು ಹೊಸ ಬಣ್ಣ ಬಳಿಸೋದಿತ್ತು.”

ಉಚ್ಚಂಗಪ್ಪನವರ ನಗು ಅಲ್ಲಿಗೇ ನಿಂತಿತು. “ಬಣ್ಣ ಬೇಡ ಅಂತ ಯಾರಾದ್ರೂ ಅಂದಿದ್ರಾ?”

“ಅವರ ಹೆಂಡ್ತಿ ಶೇಷಮ್ಮ ಬಂದು ಹಲಗೇನೇ ಕೊಡ್ರಿ ಅಂದ್ರು. ಶಾಲೆ ಸ್ವತ್ತು, ಹೆಂಗ್ ಕೊಡ್ಲಿ?”

ಎಫ್‌ಐಆರ್ ದಾಖಲಾಯಿತು. ಬಸ್ ಸ್ಟ್ಯಾಂಡಿನಲ್ಲಿ ಕಾನ್‌ಸ್ಟೇಬಲ್ ಯಲ್ಲಪ್ಪ ವಿಚಾರಿಸಿದಾಗ ಸೊರಬ ಬಸ್ಸಿನ ಕಂಡಕ್ಟರ್ ಸಿಡುಕಿದ. “ಅಯ್ಯೋ, ಆ ಹೆಂಗಸಾ? ಹಲಗೇನ ಟಾಪಿಗೆ ಹಾಕಾಕ ಬಿಡ್ಲಿಲ್ರೀ. ಮಂದಿ ಮೈ ತಾಗಬಾರ್ದು ಅಂತ ಸೊರಬದ ತನ್ಕ ನಿಂತ್ಕಂಡೇ ಹಿಡ್ಕಂಡಿದ್ಲು. ಉಳವಿ ಬಸ್ ಎಲ್ಲಿ ಅಂತ ಕೇಳಿದ್ಲು.”

ಉಳವಿ ಶೇಷಮ್ಮನ ತವರು. ಮಧ್ಯಾಹ್ನ ಮೂರಕ್ಕೆ ಪೊಲೀಸರು ಆ ಮನೆಯ ಒಳಹೊಕ್ಕಾಗ ಹಲಗೆ ಗೋಡೆಗೊರಗಿತ್ತು. ಸೀಮೆಸುಣ್ಣದ ಒಂದಕ್ಷರವೂ ಮಾಸಿರಲಿಲ್ಲ. ಆಕೆ ಅಡಗಲೂ ಇಲ್ಲ, ಅಳಲೂ ಇಲ್ಲ.

“ತಂದಿದ್ದು ನೀವೇನಾ?”

“ಹೌದು ಸ್ವಾಮಿ. ಅವ್ರದ್ದೊಂದು ಫೋಟೋನೂ ಇಲ್ಲ. ಅವ್ರ ಕೈ ಆಡಿದ್ದು ಅಂತ ಉಳ್ದಿರೋದು ಇದೊಂದೇ. ಏನ್ ಬರ್ದಾರೋ, ನಂಗೆ ಓದಕ್ಕೆ ಬರಲ್ಲ.”

ಪಂಚನಾಮೆಯಲ್ಲಿ ಹಲಗೆಯ ಬರಹವೂ ಸೇರಬೇಕು. ಪಂಚರಾಗಿ ಬಂದಿದ್ದ ಊರವರಿಗೆ ತಿಳಿಯಲೆಂದು ಉಚ್ಚಂಗಪ್ಪನವರು ಅದನ್ನು ಕನ್ನಡದಲ್ಲೇ ಹೇಳತೊಡಗಿದರು. “ವಾಕ್ಯದ ಮೊದಲಕ್ಷರ ದೊಡ್ಡದು. ಮನುಷ್ಯರ ಹೆಸರು, ಊರಿನ ಹೆಸರು, ವಾರದ ಹೆಸರು, ಇವೂ ದೊಡ್ಡಕ್ಷರದಿಂದ್ಲೇ ಶುರು. ಉದಾಹರಣೆ...” ಅವರು ಶೇಷಮ್ಮನತ್ತ ತಿರುಗಿದರು. “‘ಶೇಷಮ್ಮ ಸೋಮವಾರ ಉಳವಿಯಿಂದ ಬಂದಳು.’”

ಶೇಷಮ್ಮ ಹಲಗೆಯ ಹತ್ತಿರಕ್ಕೆ ಬಂದಳು. “ನಾ ಮದ್ವೆಯಾಗಿ ಅವ್ರ ಮನೆಗೆ ಬಂದಿದ್ದು ಸೋಮವಾರ. ಇಷ್ಟು ವರ್ಷ ‘ಇವಳೇ, ಇವಳೇ’ ಅಂತಿದ್ರೇ ಹೊರತು, ಹೆಸ್ರು ಹಿಡ್ದು ಒಂದಿನ ಕರೀಲಿಲ್ಲ. ಇನ್ನೊಂದ್ಸಲ ಓದ್ರೀ.”

ಉಚ್ಚಂಗಪ್ಪನವರು ಮತ್ತೆ ಓದಿದರು. ಈ ಸಲ ಆಕೆಯ ಹೆಸರಿದ್ದ ಜಾಗವನ್ನು ಬೆರಳು ತಾಗದಂತೆ ತೋರಿಸಿದರು.

ನಾಲ್ಕು ಗಂಟೆಗೆ ಆಕೆಯನ್ನು ದಸ್ತಗಿರಿ ಮಾಡಿ, ಅಣ್ಣನ ಜಾಮೀನಿನ ಮೇಲೆ ಅಲ್ಲೇ ಬಿಡಲಾಯಿತು. ಠಾಣೆಯ ದಿನಚರಿಯಲ್ಲಿ ಉಚ್ಚಂಗಪ್ಪನವರು ಬರೆದರು: ‘ಕೃತ್ಯಕ್ಕೆ ಕಾರಣ, ಗಂಡನ ಮೇಲಿನ ಪ್ರೀತಿ. ಹಲಗೆ ಸಾಕ್ಷ್ಯವಸ್ತು. ಬರಹವನ್ನು ಯಾರೂ ಒರೆಸಕೂಡದು.’