ನಾನೂರು ಗ್ರಾಂ

ಗೋದಾಮಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ತಕ್ಕಡಿ ಎಂದೇ. ಹದಿನೈದು ವರ್ಷ ಪಾರ್ಸೆಲ್ ಕಟ್ಟಿದ ಕೈ. ಏನನ್ನೇ ಎತ್ತಲಿ, ತೂಕ ತಾನಾಗಿ ಬಾಯಿಗೆ ಬರುತ್ತಿತ್ತು. ಬಸ್ ಸ್ಟಾಪಿನಲ್ಲಿ ಯಾರೋ ಒಬ್ಬಳ ಹೆಗಲಿಂದ ಜಾರಿದ ಬೂದು ಶಾಲನ್ನು ಎತ್ತಿಕೊಟ್ಟಾಗಲೂ ಅಷ್ಟೇ. ಮುಂದೆ ಹೆಂಡತಿಯಾದವಳಿಗೆ ಅವನು ಆಡಿದ ಮೊದಲ ಮಾತು, "ನಾನೂರು ಗ್ರಾಂ." ಬಸ್ಸು ಹೊರಟ ಮೇಲೂ ಅವಳು ಕಿಟಕಿಯಿಂದ ತಿರುಗಿ ನೋಡಿ ನಗುತ್ತಿದ್ದಳು.

ಅಂಥವನು ಮನೆಮಂದಿಯನ್ನೆಲ್ಲ ಪುಟ್ಟ ಕಾರಿನಲ್ಲಿ ಕ್ಯಾಂಪಿಂಗಿಗೆ ಹೊರಡಿಸಿದರೆ ಕೇಳಬೇಕೆ? ತಲೆಗೊಂದು ಬ್ಯಾಗು, ಬ್ಯಾಗಿಗೆ ಆರು ಕೆಜಿ. ಅವನ ಮಡಚುವ ಕುರ್ಚಿ, ಗಾಳ, ಸ್ಪೀಕರ್ ಇವೆಲ್ಲ ಲಗೇಜಲ್ಲವಂತೆ, ಸಲಕರಣೆಯಂತೆ.

ಬೆಳಿಗ್ಗೆ ಒಂದೊಂದನ್ನೇ ಎತ್ತಿ ನೋಡಿದ. ಅಮ್ಮನದು ನಾಲ್ಕು, ಮಗಳದು ಮೂರು. ಹೆಂಡತಿಯದು ಆರನ್ನು ದಾಟಿತು. ಅವಳು ಸ್ನಾನಕ್ಕೆ ಹೋಗಿದ್ದಳು. ಜಿಪ್ ಎಳೆದು, ಮೇಲಿದ್ದ ಬಟ್ಟೆಯ ಗಂಟೊಂದನ್ನು ಬಿಚ್ಚಿಯೂ ನೋಡದೆ ತೆಗೆದು ವಾಷಿಂಗ್ ಮೆಷಿನ್ ಮೇಲಿಟ್ಟ. ನಾನೂರು ಗ್ರಾಂ, ಎಂದಿತು ಕೈ. ಯಾವ ನಾನೂರು ಗ್ರಾಂ ಎಂದು ಕೇಳುವ ವ್ಯವಧಾನ ತಲೆಗಿರಲಿಲ್ಲ.

ಸರೋವರದ ದಡದಲ್ಲಿ ಟೆಂಟು ಎದ್ದ ಮೇಲೆ ಶುರುವಾಯಿತು ನೋಡಿ. ಅಮ್ಮನಿಗೆ ಬಿಪಿ ಮಾತ್ರೆ ಬೇಕು, ಬಂದದ್ದು ಹೆಂಡತಿಯ ಬ್ಯಾಗಿನಿಂದ. ಮಗಳ ಒಣ ಕಾಲುಚೀಲ, ಅಲ್ಲಿಂದಲೇ. ಅವನ ಟವೆಲ್, ಅವನ ಚಾರ್ಜರ್, ಅವನ ಮೊಣಕಾಲಿಗೆ ಹಚ್ಚುವ ಮುಲಾಮು. ಅವನೇ ಹೇರಿದ ಹೊರೆಯನ್ನು ಅವಳ ತಪ್ಪೆಂದು ತೂಗಿದ್ದ.

ಹೊತ್ತು ಇಳಿದು ಗಾಳಿ ಎದ್ದಿತು. ಅವಳು ಬ್ಯಾಗಿನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದಳು. ಏನಮ್ಮ ಹುಡುಕ್ತಿದ್ದೀಯ ಎಂದು ಅತ್ತೆ ವಿಚಾರಿಸಿದರು. ಶಾಲು ಇಟ್ಟ ಹಾಗಿತ್ತು, ಮರೆತಿರಬೇಕು ಎಂದು ನಕ್ಕಳು. ಅತ್ತೆ, ಈಗೀಗ ನಿನಗೆ ಮರೆವು ಜಾಸ್ತಿ ಎಂದರು.

ಬೆಳಿಗ್ಗೆ ತೆಗೆದಿಟ್ಟ ಗಂಟು ಯಾವುದೆಂದು ತಕ್ಕಡಿಗೆ ಈಗ ಹೊಳೆಯಿತು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಮರೆವು ಅವಳದೇ ಆಗಿ ಉಳಿಯುತ್ತಿತ್ತು. ಅವಳು ತೋಳು ಕಟ್ಟಿಕೊಂಡು ನೀರಿನಂಚಿಗೆ ಹೋಗಿ ಕೂತಳು. ಅವನು ಎದ್ದು ಹೋಗಿ ಪಕ್ಕದಲ್ಲಿ, ನೆಲದ ಮೇಲೆ ಕೂತ.

"ನೀನು ಮರೆತಿಲ್ಲ. ಬೆಳಿಗ್ಗೆ ನಾನೇ ತೆಗೆದಿಟ್ಟೆ."

"ಗೊತ್ತು."

ಅವನು ತಟ್ಟನೆ ಅವಳತ್ತ ತಿರುಗಿದ.

"ಸ್ನಾನ ಮುಗಿಸಿ ಬಂದಾಗ ಮೆಷಿನ್ ಮೇಲೆ ನೋಡಿದೆ. ಬೇಕಂತಲೇ ಬಿಟ್ಟು ಬಂದೆ. ನೀವು ಹೇಳ್ತೀರೋ ಇಲ್ವೋ ನೋಡೋಣ ಅಂತ."

"ಹೇಳದೆ ಇದ್ದಿದ್ರೆ?"

"ನಡುಗ್ತಾ ಕೂತಿರ್ತಿದ್ದೆ. ಹೊಸದೇನಲ್ಲ."

ಅವಳ ಕಣ್ಣಲ್ಲಿ ತುಂಟತನವಿತ್ತು, ಅದರಡಿಯಲ್ಲಿ ನೀರೂ ಇತ್ತು. ಅವನು ಎರಡನ್ನೂ ಕಂಡ.

"ಆ ಬ್ಯಾಗಲ್ಲಿ ಎಲ್ಲಾ ನಮ್ಮದೇ ಕಣೇ. ನಿನ್ನದು ಅಂತ ಇದ್ದದ್ದು ಒಂದು ಜೊತೆ ಬಟ್ಟೆ, ಆ ನಾನೂರು ಗ್ರಾಂ. ಕೈಗೆ ಅದರ ತೂಕ ನೆನಪಿತ್ತು, ನನಗೆ ನೀನು ನೆನಪಾಗ್ಲಿಲ್ಲ."

ಜಾಕೆಟ್ ಬಿಚ್ಚಿ ಹೊದಿಸಲು ಹೋದ. ಅವಳು ಜಾಕೆಟ್ಟಿನ ಒಂದೇ ತೋಳಿಗೆ ಕೈ ತೂರಿಸಿ, ಇನ್ನೊಂದು ತೋಳನ್ನು ಅವನ ಮಡಿಲಿಗೆ ಎಸೆದಳು.

"ನೀವೂ ಬನ್ನಿ. ಪೂರ್ತಿ ನಾನೇ ಹಾಕ್ಕೊಂಡ್ರೆ, ನೀವು ತಪ್ಪು ತೀರಿತು ಅಂತ ನಿದ್ದೆ ಮಾಡಿಬಿಡ್ತೀರ."

ಹಿಂದಿನಿಂದ ಮಗಳು, ಅಮ್ಮಾ ನನ್ನ ಟಾರ್ಚ್ ಎಲ್ಲಿ ಎಂದಳು. ಅಭ್ಯಾಸಬಲದಿಂದ ಹೆಂಡತಿ ಏಳಹೋದಳು. ಜಾಕೆಟ್ ಜಗ್ಗಿತು, ಇನ್ನೊಂದು ತೋಳಿಗೆ ಕೈ ತೂರಿಸಿ ಆ ತುದಿಯಲ್ಲಿ ಅವನು ಕೂತಿದ್ದ.

"ನೀನೇ ಹುಡುಕು, ಪುಟ್ಟಿ," ಎಂದ. "ಅಮ್ಮ ಕೂತಿದ್ದಾಳೆ."